ಅಕ್ಕೋರ ಸೆರಗಿನ ಗಂಟು

ಬಾಗೇವಾಡಿಯ ನಮ್ಮ ವಾಡೆಯಲ್ಲಿ ಗುಟ್ಟೆಂಬುದು ಒಂದು ವಾರಕ್ಕಿಂತ ಹೆಚ್ಚು ಬದುಕಿದ್ದನ್ನು ನಾನು ಕಾಣೆ. ಅದಕ್ಕೆಲ್ಲ ಕಾರಣ ಒಬ್ಬರೇ ಹೆಣ್ಣುಮಗಳು. ಅವರು ಚಾಡಿ ಹೇಳುವವರಲ್ಲ. ಕಟ್ಟೆಯ ಮೇಲೆ ಕೂತು ಊರ ಉಸಾಬರಿ ಮಾಡುವವರೂ ಅಲ್ಲ. ದಿನಾ ಸಂಜೆ ದೇವರಿಗೆ ಪ್ರಾರ್ಥನೆ ಮಾಡುತ್ತಿದ್ದರು, ಅಷ್ಟೇ. ಆದರೆ ಗಟ್ಟಿಯಾಗಿ ಮಾಡುತ್ತಿದ್ದರು.

ಮೊನ್ನೆ ನನ್ನ ಹಿರಿಮಗಳು ಮುದ್ದೇಬಿಹಾಳದ ತನ್ನ ಗಂಡನ ಮನೆಯಿಂದ ಬಂದವಳು ಚಪ್ಪಲಿ ಬಿಡುವ ಮೊದಲೇ, “ಅವ್ವಾ, ಅಕ್ಕೋರು ಹೋದ್ರು” ಎಂದಳು. ಕೊನೆಗಾಲದಲ್ಲಿ ಅವರು ಆ ಊರಲ್ಲೇ ಇದ್ದರು. ನಾನು ರೊಟ್ಟಿಗೆ ಹಿಟ್ಟು ನಾದುತ್ತಿದ್ದೆ. ಹಾಗೇ ಕೂತುಬಿಟ್ಟೆ. ಇನ್ನು ಸ್ವರ್ಗದಲ್ಲೂ ಯಾರ ಗುಟ್ಟೂ ಉಳಿಯುವುದಿಲ್ಲ ಎನ್ನಿಸಿ ಮೊದಲು ನಗು ಬಂತು. ನಗುತ್ತ ನಗುತ್ತಲೇ ಅಳು ಬಂತು. ಮಗಳು ಗಾಬರಿಯಾಗಿ ನೀರು ತಂದುಕೊಟ್ಟಳು.

ಅಕ್ಕೋರು ಅಂದರೆ ನಮ್ಮ ಕಡೆ ಸಾಲಿ ಕಲಿಸುವ ಹೆಣ್ಣುಮಗಳು. ಊರಿನಲ್ಲಿ ಬೇರೆ ಅಕ್ಕೋರೂ ಇದ್ದರು, ಅವರನ್ನೆಲ್ಲ ಹೆಸರು ಹಚ್ಚಿ ಕರೆಯುತ್ತಿದ್ದರು. ಇವರೊಬ್ಬರು ಮಾತ್ರ ಬರೀ ಅಕ್ಕೋರು. ಅವರ ಹೆಸರು ನನಗೆ ಗೊತ್ತಿಲ್ಲವೆಂದಲ್ಲ. ಇಲ್ಲಿ ಬರೆದರೆ, “ನನ್ನ ಹೆಸರು ಛಾಪಿಸಿ ಏನ ಮಾಡ್ತಿ ತಂಗಿ? ಅದರ ಬದಲಿ ನನ್ನ ಕೊಡಿ ಎಲ್ಲಿ ಬಿಟ್ಟೇನಿ ಹುಡುಕಿ ಕೊಡು” ಎಂದು ಎಲ್ಲಿದ್ದರೂ ಬೈಯುತ್ತಾರೆ. ಕೊಡೆಯನ್ನು ಅವರು ಬಿಸಿಲಿಗೂ ಹಿಡಿಯುತ್ತಿದ್ದರು, ಮೋಡಕ್ಕೂ ಹಿಡಿಯುತ್ತಿದ್ದರು, ಉಳಿದ ದಿನ ಎಲ್ಲಾದರೂ ಮರೆತು ಬರುವುದಕ್ಕೆಂದೇ ಒಯ್ಯುತ್ತಿದ್ದರು.

ಅವರು ಬಂದಾಗ ನಾನು ಆ ವಾಡೆಗೆ ಹೊಸ ಸೊಸೆ. ಒಂದೇ ಹೆಬ್ಬಾಗಿಲು, ಒಳಗೆ ಅಂಗಳ, ಅಂಗಳದಲ್ಲಿ ಬಾವಿ, ಸುತ್ತ ಮೂರು ಮನೆ. ದೊಡ್ಡದು ನಮ್ಮದು. ಬಾವಿಯ ಆಚೆ ಹಲೀಮಾಬಿಯವರದು. ಅವರ ಯಜಮಾನರು ಬಸ್ ಸ್ಟ್ಯಾಂಡಿನ ಹತ್ತಿರ ಸೈಕಲ್ ರಿಪೇರಿ ಮಾಡುತ್ತಿದ್ದರು. ನಮ್ಮ ಗೋಡೆಗೆ ಹತ್ತಿದ ಮೂರನೆಯ ಮನೆ ಖಾಲಿ ಇತ್ತು. ಅದನ್ನು ಬಾಡಿಗೆಗೆ ಕೇಳಿಕೊಂಡು ಅಕ್ಕೋರು ಸಿಂದಗಿಯಿಂದ ವರ್ಗವಾಗಿ ಬಂದರು. ಒಂದು ಕೈಯಲ್ಲಿ ಬಟ್ಟೆಯಲ್ಲಿ ಸುತ್ತಿದ ಸತ್ಯವೇದ, ಇನ್ನೊಂದರಲ್ಲಿ ಕೊಡೆ. ಹಿಂದೆ ಎರಡು ಜಡೆಯ ಮಗಳು ಟ್ರಂಕು ಎಳೆಯುತ್ತ ಬರುತ್ತಿದ್ದಳು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು.

ನಮ್ಮತ್ತೆ ಯಾವ ಮಂದಿ ಎಂದು ಕೇಳಿದರು. ಕ್ರಿಶ್ಚನ್ರು ಎಂದರು. ಅತ್ತೆ ಕೀಲಿಯನ್ನು ಕೈಯಲ್ಲೇ ಹಿಡಿದುಕೊಂಡು, “ಮಾಂಸಾ ಮೀನಾ ಮಾಡ್ತೀರೇನ?” ಎಂದರು.

“ಈ ವಾಡೇದಾಗ ಇರೂತನಕ ಒಲಿ ಮ್ಯಾಲೆ ಇಡೂದಿಲ್ರಿ ಅವ್ವಾರ. ಆದ್ರ ಬಿಜಾಪುರಕ್ಕ ಹೋದಾಗ ಯಾರರ ಉಣ್ಣಾಕ ಕರದ್ರ ಬಿಡೂದಿಲ್ರಿ.”

ಅತ್ತೆಗೆ ಉತ್ತರ ರುಚಿಸಲಿಲ್ಲ, ಹೇಳಿದ ರೀತಿ ಮಾತ್ರ ಹಿಡಿಸಿತು. “ಸುಳ್ಳ ಹೇಳೂದಿಲ್ಲ, ಇರ್ಲಿ” ಎಂದು ಕೀಲಿ ಕೊಟ್ಟರು. ಸುಳ್ಳು ಹೇಳದವರನ್ನು ಪಕ್ಕದಲ್ಲಿ ಇಟ್ಟುಕೊಳ್ಳುವುದು ಎಷ್ಟು ಕಷ್ಟವೆಂಬುದು ಅವರಿಗೆ ಅದೇ ಸಂಜೆ ತಿಳಿಯಿತು.

ನಮಗೂ ಅವರಿಗೂ ನಡುವಿನ ಗೋಡೆ ಮಾಳಿಗೆಗೆ ಮುಟ್ಟಿರಲಿಲ್ಲ. ಮೇಲೆ ಒಂದು ಮೊಳ ಸಂದು. ದೀಪ ಹಚ್ಚುವ ಹೊತ್ತಿಗೆ ಆ ಸಂದಿನಿಂದ ದನಿ ಬಂತು. “ಯಪ್ಪಾ ತಂದೆ! ಇವತ್ತ ಬಸ್ಸು ಹೊತ್ತಿಗಿ ಬಂತು, ಸ್ತೋತ್ರ. ಟ್ರಂಕಿನ ಕೀಲಿ ಕಳದಿತ್ತು, ಸಿಕ್ತು, ಸ್ತೋತ್ರ. ಮನಿ ಕೊಟ್ಟ ಅವ್ವಾರು ಬಾಯಿಲೆ ಬಿರುಸು ಅದಾರ, ಮನಸು ಚಲೋ ಐತಿ, ಅದಕ್ಕೂ ಸ್ತೋತ್ರ. ಅವರು ಕುಂಟಕೋತ ನಡೀತಾರ, ಅವರ ಮಣಕಾಲ ಬ್ಯಾನಿ ಕಡಿಮಿ ಮಾಡು.”

ನಮ್ಮತ್ತೆ ಲಿಂಗಪೂಜೆ ಮುಗಿಸಿ ಏಳುತ್ತಿದ್ದವರು ಗೋಡೆಯತ್ತ ತಿರುಗಿದರು. “ಯಾಕ್ರಿ ಅಕ್ಕೋರ, ನನಗ ಬಾಯಿ ಬಿರುಸು ಅಂತೀರೇನ?”

ಆಚೆಯಿಂದ ಥಟ್ಟನೆ ಉತ್ತರ ಬಂತು. “ನಿಮಗ ಹೇಳಿದ್ದಲ್ರಿ ಅವ್ವಾರ, ದೇವರಿಗಿ ಹೇಳಾಕತ್ತೇನಿ. ಸುಮ್ನ ಕುಂದರ್ರಿ.”

ಸ್ತೋತ್ರ ಎಂದರೆ ಅವರ ಲೆಕ್ಕದಲ್ಲಿ ಹಾಡಲ್ಲ, ಉಪಕಾರ ನೆನೆಯುವುದು. ಅದು ಅವರ ಕಟ್ಟಳೆ. ಮೊದಲು ಸ್ತೋತ್ರ, ಆಮೇಲೆ ಬೇಡಿಕೆ. ಇನ್ಸ್‌ಪೆಕ್ಟರು ಸಾಲಿಗೆ ಬರುತ್ತೇನೆಂದು ಬರದಿದ್ದರೆ ಅದಕ್ಕೂ ಸ್ತೋತ್ರ, ಬಂದು ಬೈಯದೆ ಹೋದರೆ ಅದಕ್ಕೂ ಸ್ತೋತ್ರ. ಒಮ್ಮೆ ರೊಟ್ಟಿ ಕರಕಲಾದ ದಿನ ಏನು ಹೇಳುತ್ತಾರೋ ನೋಡೋಣವೆಂದು ನಾನು ಗೋಡೆಗೆ ಕಿವಿ ಕೊಟ್ಟು ನಿಂತಿದ್ದೆ. “ರೊಟ್ಟಿ ಹೊತ್ತಿತು, ಹಲ್ಲು ಗಟ್ಟಿ ಅದಾವು, ಸ್ತೋತ್ರ” ಎಂದರು.

ಅತ್ತೆ ಒಂದು ದಿನ ಬಾವಿಕಟ್ಟೆಯಲ್ಲಿ ಅವರನ್ನು ತಡೆದು ಕೇಳಿಯೇಬಿಟ್ಟರು. “ನಮ್ಮ ದೇವರು ಅಂಗೈಯಾಗ ಕುಂತಿರ್ತಾನ, ಪಿಸುಗುಟ್ಟಿದ್ರ ಸಾಕು. ನಿಮ್ಮ ದೇವರು ಎಷ್ಟ ದೂರ ಅದಾನ್ರಿ, ಇಷ್ಟ ಒದರ್ತೀರಿ?”

“ಅಂವ ದೂರ ಇಲ್ರಿ ಅವ್ವಾರ. ನಾನ ದೂರ ಹೋಗಿರ್ತೇನಿ. ಸಾಲ್ಯಾಗಿನ ಸುದ್ದಿ, ಒಲೀ ಸುದ್ದಿ, ಮಗಳ ಸುದ್ದಿ. ನನ್ನನ್ನ ನಾ ಒದರಿ ಕರಕೊಂಡು ಬರಬೇಕಲ್ರಿ.” ಕೊಡ ಎತ್ತಿಕೊಳ್ಳುತ್ತ, “ಮತ್ತ ಸಣ್ಣ ದನೀಲೆ ಮಾಡಿದ್ರ ನನಗ ನಿದ್ದಿ ಬರತೈತ್ರಿ” ಎಂದೂ ಸೇರಿಸಿದರು. ನನ್ನ ಪ್ರಕಾರ ಎರಡನೆಯದೇ ನಿಜವಾದ ಕಾರಣ.

ಇಷ್ಟೇ ಆಗಿದ್ದರೆ ವಾಡೆ ಹೇಗೋ ತಡೆದುಕೊಳ್ಳುತ್ತಿತ್ತು. ಆದರೆ ಅಕ್ಕೋರಿಗೆ ಇನ್ನೊಂದು ಚಟವಿತ್ತು. ಯಾರಾದರೂ ಕಷ್ಟ ಹೇಳಿಕೊಂಡರೆ ಅವರು ಸೆರಗಿನ ತುದಿಗೆ ಒಂದು ಗಂಟು ಹಾಕುತ್ತಿದ್ದರು. ಮರೆಯಬಾರದಲ್ಲ, ಅದಕ್ಕೆ. ಸಂಜೆ ಕಣ್ಣು ಮುಚ್ಚಿ ಕೂತು ಗಂಟುಗಳನ್ನು ಬೆರಳಲ್ಲಿ ತಡವುತ್ತ, ಇದು ಇಂಥವರದು, ಇದು ಇಂಥವರದು ಎಂದು ಒಂದೊಂದನ್ನೇ ದೇವರ ಮುಂದೆ ಹೇಳಿ ಬಿಚ್ಚುತ್ತಿದ್ದರು. ಸಾಲಿಯಲ್ಲಿ ಹುಡುಗಿಯರು ಅಕ್ಕೋರ ಸೆರಗು ನೋಡಿಯೇ ಇವತ್ತು ಊರಿಗೆ ಎಷ್ಟು ಕಷ್ಟ ಎಂದು ಹೇಳುತ್ತಿದ್ದರು. ಕೊಡೆ ಮರೆಯುತ್ತಿದ್ದರೇ ಹೊರತು ಅವರು ಒಂದು ಗಂಟನ್ನೂ ಮರೆತವರಲ್ಲ.

ಹಲೀಮಾಬಿ ಪಾಪ, ಹೊಸದರಲ್ಲಿ ಗೊತ್ತಾಗದೆ, ತಮ್ಮ ಯಜಮಾನರ ಇಸ್ಪೀಟಿನ ಹುಚ್ಚಿನ ಸುದ್ದಿ ಅಳುತ್ತ ಅಳುತ್ತ ಹೇಳಿಕೊಂಡರು. ಯಾರಿಗೂ ಹೇಳಬ್ಯಾಡ್ರಿ ಎಂದು ಆಣೆ ಮಾಡಿಸಿಕೊಂಡರು. ಅಕ್ಕೋರು ಯಾರಿಗೂ ಹೇಳಲಿಲ್ಲ. ಸಂಜೆ ದೇವರಿಗೆ ಹೇಳಿದರು. ಸೈಕಲ್ ಅಂಗಡಿ ಮುಚ್ಚಿ ಆಗಷ್ಟೇ ಹೆಬ್ಬಾಗಿಲಿಗೆ ಕಾಲಿಟ್ಟಿದ್ದ ಯಜಮಾನರು, ತಮ್ಮ ಎಲೆಯಾಟದ ವರ್ಣನೆ ಆಕಾಶಕ್ಕೆ ಏರುತ್ತಿರುವುದನ್ನು ಅಂಗಳದಲ್ಲೇ ನಿಂತು ಪೂರ್ತಿ ಕೇಳಿದರು. ಮುಂದೆ ಬಹಳ ದಿನ ಎಲೆ ಮುಟ್ಟಲಿಲ್ಲ. “ನೋಡಿದೇನ ತಂಗಿ, ಪ್ರಾರ್ಥನಾ ಕೇಳಿದ ದೇವರು” ಎಂದು ಅಕ್ಕೋರು ನನ್ನ ಮುಂದೆ ಹಿಗ್ಗಿದರು. “ದೇವರ ಕೇಳಿದನೋ ಗಂಡ ಕೇಳಿದನೋ, ಅಕ್ಕೋರ?” ಎಂದೆ. “ಯಾರರ ಕೇಳವಲ್ಲರ್ಯಾಕ, ಕೆಲಸ ಆತಿಲ್ಲ?” ಎಂದರು.

ನಾನೂ ಸಿಕ್ಕಿಬಿದ್ದೆ. ಮದುವೆಯಾಗಿ ಸಾಲಿ ಬಿಟ್ಟಿದ್ದ ನನಗೆ ಮುಲ್ಕಿ ಪರೀಕ್ಷೆ ಕಟ್ಟುವ ಆಸೆ ಇತ್ತು. ಏಳನೆಯ ಇಯತ್ತೆಯ ಆ ಪರೀಕ್ಷೆ ಪಾಸಾದರೆ ನಾನೂ ಅಕ್ಕೋರಾಗಬಹುದಿತ್ತು. ಮಧ್ಯಾಹ್ನ ಅತ್ತೆ ಮಲಗಿದ ಹೊತ್ತಿನಲ್ಲಿ ಅಕ್ಕೋರು ರಜೆಯ ದಿನಗಳಲ್ಲಿ ನನಗೆ ಗುಟ್ಟಾಗಿ ಪಾಠ ಹೇಳತೊಡಗಿದರು. ವಾರ ತುಂಬುವುದರೊಳಗೆ ಗೋಡೆಯ ಸಂದಿನಿಂದ ಬಂತು. “ಬಾಜೂ ಮನಿ ಸೊಸಿ, ಅತ್ತಿಗಿ ಗೊತ್ತಾಗದಂಗ ಮುಲ್ಕಿಗಿ ಓದಾಕತ್ತಾಳ. ಉಳದದ್ದರಾಗ ಶ್ಯಾಣ್ಯಾ ಅದಾಳ. ಲೆಕ್ಕದಾಗ ಅಗದೀ ದಡ್ಡಿ. ಏನರ ಮಾಡು ತಂದೆ.”

ನಾನು ಭೂಮಿ ಬಾಯಿ ಬಿಡಲಿ ಎಂದುಕೊಂಡು ನಿಂತೆ. ಅತ್ತೆ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. “ಓದೂದು ಓದು. ಹಂತಾದ್ರಾಗ ದಡ್ಡಿ ಅನ್ನಿಸ್ಕೊಂಡು ಓದಬ್ಯಾಡ. ದೇವರ ಮುಂದ ನಮ್ಮ ಮನಿ ಮರ್ಯಾದಿ ಹೋಗತೈತಿ” ಎಂದರು. ಅಂದಿನಿಂದ ನಾನು ಬಹಿರಂಗವಾಗಿ ಓದಿದೆ, ಪಾಸೂ ಆದೆ. ಆದರೆ ಇನ್ನು ಸಾಯುವತನಕ ಈ ಹೆಣ್ಣುಮಗಳಿಗೆ ಒಂದು ಗುಟ್ಟನ್ನೂ ಹೇಳಬಾರದು ಎಂದು ಆವತ್ತೇ ಆಣೆ ಹಾಕಿಕೊಂಡೆ.

ಅವರ ಕಷ್ಟದ ಕತೆಗಳನ್ನು ಅವರು ಬೇರೆಯವರ ಕತೆಯ ಹಾಗೆ ಹೇಳುತ್ತಿದ್ದರು. ಗಂಡ ತೀರಿದ ಹೊಸದರಲ್ಲಿ ಇಂಡಿ ತಾಲೂಕಿನ ಹೊರ್ತಿಗೆ ಅವರ ವರ್ಗವಾಯಿತು. ಮಗಳು ಇನ್ನೂ ಎದೆಹಾಲು ಕುಡಿಯುವ ಕೂಸು. ಊರಲ್ಲಿ ಯಾರೂ ಮನೆ ಕೊಡಲಿಲ್ಲ. ಸಾಲಿಯ ಮೂಲೆಯಲ್ಲೇ ಒಲೆ ಹೂಡಿದರು. ಮಾಳಿಗೆಯಿಂದ ಚೇಳು ಉದುರುತ್ತಿದ್ದವಂತೆ. “ದಿನಾ ಪ್ರಾರ್ಥನಾ ಮಾಡಿದೆ, ಯಪ್ಪಾ ಚೇಳು ಕಳಸಬ್ಯಾಡಂತ. ಒಂದಿನ ಪ್ರಾರ್ಥನಾ ಮುಗಿಸಿ ಆಮೆನ್ ಅಂದು ಕೈ ಊರೇನಿ, ಕಡೀತು ನೋಡು!”

ಅವರು ಒದರಿದ್ದಕ್ಕೆ ಅರ್ಧ ಊರು ಓಡಿಬಂತಂತೆ. ಅವರ ದನಿ ಕೇಳಿದ ನನಗೆ ಪೂರ್ತಿ ಊರೇ ಬಂದಿರಬೇಕು ಅನ್ನಿಸುತ್ತದೆ. ಒಬ್ಬರು ಉಳ್ಳಾಗಡ್ಡಿ ಜಜ್ಜಿ ಹಚ್ಚಿದರು, ಒಬ್ಬರು ಕೂಸನ್ನು ಎತ್ತಿಕೊಂಡರು, ಒಬ್ಬ ಮುದುಕ ಮಂತ್ರ ಹಾಕಿದ. “ಬ್ಯಾಡಂದ್ರ ಬ್ಯಾಸರ ಮಾಡ್ಕೊತಾನಂತ ಹಾಕಿಸ್ಕೊಂಡೆ. ಅಂವ ತಂದು ಅಂವ ಹೇಳಿದ, ನಾ ನಂದು ಒಳಗ ಹೇಳಕೋತ ಇದ್ದೆ.” ಮರುದಿನ ಬೆಳಗ್ಗೆ ಗೌಡರ ಮನೆಯಿಂದ ಆಳು ಬಂದು, ಕೂಸು ಕಟ್ಟಿಕೊಂಡು ಸಾಲಿಯಲ್ಲಿ ಇರಬೇಡಿರೆಂದು ಒಂದು ಖೋಲಿ ತೆಗೆದುಕೊಟ್ಟರಂತೆ. “ಚೇಳು ಕಡೀಲಿಲ್ಲಂದ್ರ ಮನಿ ಸಿಗತಿದ್ದಿಲ್ಲ ತಂಗಿ.”

“ಮನಿ ಕೊಡ ಅಂದ್ರ ಚೇಳು ಕಳಸೂ ದೇವರು ನಿಮ್ಮಾಂವ” ಎಂದು ನಾನು ಕಾಡಿಸಿದೆ.

“ಹಂಗಲ್ಲ. ಸಣ್ಣಾಕಿದ್ದಾಗ ನಾನೂ ದೇವರಂದ್ರ ಕೇಳಿದ್ದು ಕೊಡಾಂವ ಅಂತ ತಿಳದಿದ್ದೆ. ಗಂಡನ್ನ ಉಳಸು ಅಂದೆ, ಉಳಸಲಿಲ್ಲ. ಚೇಳು ಬ್ಯಾಡ ಅಂದೆ, ಬಂತು. ಆದ್ರ ಒಮ್ಮೆಯೂ ನನ್ನ ಒಬ್ಬಾಕಿನ್ನ ಬಿಟ್ಟು ಹೋಗಿಲ್ಲ. ಅಷ್ಟ ಗೊತ್ತಾಗೂದ್ರಾಗ ಅರ್ಧಾ ಆಯುಷ್ಯ ಹೋತು.” ಹೀಗೆ ಹೇಳಿ, ತಾವು ತೀರಾ ದೊಡ್ಡ ಮಾತು ಆಡಿಬಿಟ್ಟೆವೆಂದು ನಾಚಿಕೊಂಡವರಂತೆ, “ಕೊಡಿ ನೋಡಿದೇನ ಎಲ್ಲೆರ?” ಎಂದರು.

ಮಗಳು ಸರೋಜಾ ತಾಯಿಯ ತದ್ವಿರುದ್ಧ. ಮೆಲುದನಿ, ಕಿಲಾಡಿ ಕಣ್ಣು. ಊರಲ್ಲಿ ಚರ್ಚು ಇರಲಿಲ್ಲ. ತಿಂಗಳಿಗೊಮ್ಮೆ ಇಬ್ಬರೂ ಬಸ್ಸಿನಲ್ಲಿ ಬಿಜಾಪುರಕ್ಕೆ ಹೋಗಿಬರುತ್ತಿದ್ದರು. ಉಳಿದ ಭಾನುವಾರ ಮನೆಯಲ್ಲೇ ಆರಾಧನೆ. ಅಕ್ಕೋರು ಪಾದ್ರಿ, ಸರೋಜಾ ಸಭೆ. ಸಭೆ ಆಗಾಗ ತೂಕಡಿಸುತ್ತಿತ್ತು, ಪಾದ್ರಿಗಳು ಪ್ರಸಂಗದ, ಅಂದರೆ ಉಪದೇಶದ, ನಡುವೆಯೇ ಸಭೆಯ ತಲೆಗೆ ಮೊಟಕುತ್ತಿದ್ದರು. ಮುಂದೆ ಅವಳು ಮೀರಜಿಗೆ ನರ್ಸ್ ಕಲಿಯಲು ಹೋದಳು. ರಜೆಗೆ ಬಂದಾಗೊಮ್ಮೆ ತಾಯಿ ಮಧ್ಯಾಹ್ನ ಮಲಗಿದ್ದಾಗ ಸೆರಗಿಗೆ ಕಳ್ಳತನದಿಂದ ಒಂದು ಗಂಟು ಹಾಕಿ ನಮ್ಮ ಮನೆಗೆ ಓಡಿಬಂದು ಗೋಡೆಯ ಹತ್ತಿರ ಕೂತಳು. ಸಂಜೆ ಅಕ್ಕೋರು ಎಲ್ಲ ಗಂಟು ಬಿಚ್ಚಿ ಅದಕ್ಕೆ ಬಂದು ನಿಂತರು. ಬಹಳ ಹೊತ್ತು ಸದ್ದಿಲ್ಲ. ಕೊನೆಗೆ, “ಯಪ್ಪಾ, ಇದು ಯಾರದಂತ ನೆನಪಾಗವಲ್ದು. ನಿನಗ ಗೊತ್ತಿದ್ರ ನೀನ ನೋಡ್ಕೋ” ಎಂದರು. ಸರೋಜಾ ಬಾಯಿಗೆ ಸೆರಗು ತುರುಕಿಕೊಂಡರೂ ತಡೆಯಲಾರದೆ ಬಿದ್ದು ಬಿದ್ದು ನಕ್ಕಳು. ಆಚೆಯಿಂದ ಅಕ್ಕೋರು, “ಗೊತ್ತಾತ ಬಿಡಪಾ, ಯಾರದಂತ ಗೊತ್ತಾತು. ಅಕಿಗಿ ಬುದ್ಧಿ ಕೊಡು” ಎಂದರು. ನಮ್ಮತ್ತೆ ಕೂಡ ಅಂದು ಕಣ್ಣಲ್ಲಿ ನೀರು ಬರುವಂತೆ ನಕ್ಕರು.

ಆ ಹುಡುಗಿ ಮರುವರ್ಷದ ಬೇಸಿಗೆಯಲ್ಲಿ ಮೀರಜಿನಲ್ಲೇ ವಿಷಮಜ್ವರದಿಂದ ತೀರಿಕೊಂಡಳು. ಸಾವಿನ ಸುದ್ದಿಯ ತಾರು ಬಂದಾಗ ಅಕ್ಕೋರು ಸಾಲಿಯಲ್ಲಿದ್ದರು. ನಮ್ಮ ಮನೆಯವರು ಜೊತೆಗೆ ಹೋದರು. ಮಣ್ಣು ಅಲ್ಲಿಯೇ ಆಯಿತು. ಅಕ್ಕೋರು ಮಗಳ ಟ್ರಂಕು ಹಿಡಿದುಕೊಂಡು ತಿರುಗಿ ಬಂದು, ರಜೆ ಮುಗಿದ ಮರುದಿನವೇ ಸಾಲಿಗೆ ಹೋದರು. ಬಿಜಾಪುರದಿಂದ ಪಾದ್ರಿಗಳು ಬಂದು ಕೂತು, ಎಲ್ಲ ದೇವರ ಚಿತ್ತ, ಅವನು ಕೊಟ್ಟ, ಅವನು ಒಯ್ದ ಎಂದು ಸಮಾಧಾನ ಹೇಳಿದರು. ಒಳ್ಳೆಯ ಮನುಷ್ಯ, ಹೇಳುವಾಗ ಅವರ ಕಣ್ಣೂ ಒದ್ದೆಯಾಗಿತ್ತು. ಅಕ್ಕೋರು ಎಲ್ಲ ಕೇಳಿಸಿಕೊಂಡು, “ಚಹಾ ಆರತೈತ್ರಿ, ತಗೋರಿ” ಎಂದರು.

ಸಂಜೆಯಾಯಿತು. ಗೋಡೆಯಾಚೆ ದೀಪ ಹಚ್ಚಿದ ಬೆಳಕು ಕಂಡಿತು, ದನಿ ಬರಲಿಲ್ಲ. ಮರುದಿನವೂ ಇಲ್ಲ. ದುಃಖ, ಕೆಲವು ದಿನ ಹೋಗಲಿ ಎಂದುಕೊಂಡೆವು. ಮಳೆಗಾಲ ಹಿಡಿದರೂ ದನಿ ಬರಲಿಲ್ಲ. ಹಾಳಾದ ಗದ್ದಲ ಎಂದು ಬೈಯುತ್ತಿದ್ದ ನಮ್ಮತ್ತೆ ಸಂಜೆಯಾದರೆ ಗೋಡೆಯ ಬುಡದಲ್ಲಿ ಕೂತು ಮೇಲೆ ನೋಡತೊಡಗಿದರು. “ಅಕಿ ಒದರದ ಹೊತ್ತ ಮುಳುಗಿದ್ದ ಗೊತ್ತಾಗವಲ್ದು” ಎನ್ನುತ್ತಿದ್ದರು. ಹಲೀಮಾಬಿಯ ಯಜಮಾನರು ಮತ್ತೆ ಇಸ್ಪೀಟಿಗೆ ಹೋಗತೊಡಗಿದರು. ವಿಚಿತ್ರವೆಂದರೆ ಹೆಂಗಸರು ಕಷ್ಟ ಹೇಳಿಕೊಳ್ಳಲು ಬರುವುದು ನಿಲ್ಲಲಿಲ್ಲ, ಅಕ್ಕೋರು ಗಂಟು ಹಾಕುವುದೂ ನಿಲ್ಲಲಿಲ್ಲ. ಬಿಚ್ಚುವುದೊಂದು ನಿಂತಿತ್ತು. ಒಗೆದು ಅಂಗಳದ ಹಗ್ಗಕ್ಕೆ ಹಾಕಿದ ಅವರ ಸೀರೆಯ ತುದಿಯಲ್ಲಿ ಗಂಟುಗಳು ಹಾಗೇ ಒಣಗುತ್ತಿದ್ದವು. ಅದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅವರು ಜೋಳ ಹಸನು ಮಾಡುತ್ತ ಕೂತಿದ್ದಾಗ ನಾನೂ ಮೊರ ಹಿಡಿದು ಕೂತೆ. “ಪ್ರಾರ್ಥನಾ ಯಾಕ ಬಿಟ್ರಿ ಅಕ್ಕೋರ?” ಎಂದೆ.

“ಬಿಟ್ಟಿಲ್ಲ ತಂಗಿ. ದಿನಾ ಕುಂಡ್ರತೇನಿ.” ಹರಳು ಆರಿಸುತ್ತಲೇ ಹೇಳಿದರು. “ಮದಲ ಸ್ತೋತ್ರ ಹೇಳಬೇಕಲ್ಲ? ಯಾತಕ್ಕ ಹೇಳ್ಲಿ? ಬಾಯಿ ಏಳವಲ್ದು. ಸ್ತೋತ್ರ ಹೇಳದ ಬೇಡೂದು ನನಗ ಗೊತ್ತಿಲ್ಲ, ಸುಳ್ಳ ಸ್ತೋತ್ರ ಹೇಳೂದೂ ಗೊತ್ತಿಲ್ಲ. ಅದಕ್ಕ ಸುಮ್ನ ಕುಂತು ಏಳತೇನಿ. ಇಷ್ಟ ವರ್ಷ ಮಾತಾಡಿದಾಂವನ ಮುಂದ ಗುರ್ತಿಲ್ಲದವರಂಗ ಕುಂಡ್ರತೇನಿ.” ಕೈ ನಿಲ್ಲಿಸಿದರು. “ಮಗಳು ಹೋದ್ಲು. ಈಗ ಅಂವನೂ ಹೋದ್ರ ನನಗ ಯಾರ ಅದಾರ?”

ಸಮಾಧಾನ ಹೇಳಲು ಹೋಗಿ ನಾನು ನನ್ನದೇ ಹೇಳಿಬಿಟ್ಟೆ. ನನಗೆ ಆಗ ದಿನ ನಿಂತಿತ್ತು. ಹಿಂದೆ ಎರಡು ಸಲ ನಿಂತ ಬಸಿರು ಇಳಿದುಹೋಗಿತ್ತು. ಆಗೆಲ್ಲ ಮೊದಲೇ ಹಿಗ್ಗಿ ಬೀಗರಿಗೆಲ್ಲ ಹೇಳಿದ ಅತ್ತೆ ಆಮೇಲೆ ಒಲೆಯ ಮುಂದೆ ಕೂತು ಅತ್ತದ್ದನ್ನು ನೋಡಿದ್ದೆ. ಅದಕ್ಕೇ ಈ ಸಲ ಗಂಡನಿಗೆ ಬಿಟ್ಟರೆ ಯಾರಿಗೂ ಬಾಯಿ ಬಿಟ್ಟಿರಲಿಲ್ಲ. ಹೆದರಿಕೆ ಮಾತ್ರ ದಿನಾ ಇತ್ತು. ಹೇಗೂ ಪ್ರಾರ್ಥನೆ ನಿಂತಿದೆ, ಹೇಳಿದರೆ ಅಪಾಯವಿಲ್ಲ ಎಂಬ ಧೈರ್ಯವೂ ಇತ್ತೆನ್ನಿ. ಅಕ್ಕೋರು ಜೋಳದ ಧೂಳು ಮೆತ್ತಿದ ಕೈಯನ್ನು ನನ್ನ ತಲೆಯ ಮೇಲೆ ಇಟ್ಟರು. ಆಮೇಲೆ ಸೆರಗಿನಲ್ಲಿ ಜಾಗ ಹುಡುಕಿ ಒಂದು ಗಂಟು ಹಾಕಿದರು.

ಅವರು ಬಾಯಿ ಏಳವಲ್ದು ಎಂದದ್ದನ್ನು ಮಾತ್ರ ನಾನು ಮನೆಗೆ ಬಂದು ಅತ್ತೆಗೆ ಹೇಳಿದೆ. ಅತ್ತೆ ಆ ದಿನ ಲಿಂಗಪೂಜೆ ಬೇಗ ಮುಗಿಸಿದರು. ಹೊತ್ತು ಮುಳುಗುವ ಮುಂದೆ ಎದ್ದು, ಮಂಡಿ ಹಿಡಿದುಕೊಂಡು, “ಹಲೀಮಾ, ಬಾರವಾ ಇಲ್ಲೆ. ನೀನೂ ಬಾ” ಎಂದು ನನ್ನನ್ನೂ ಕರೆದು, ಅಕ್ಕೋರ ಮನೆಯ ಬಾಗಿಲ ಮುಂದೆ ಕಂಬಳಿ ಹಾಸಿ ಕೂತರು. ಬಾಗಿಲು ಅರೆ ಮುಚ್ಚಿತ್ತು. ಒಳಗೆ ದೀಪ ಕಾಣುತ್ತಿತ್ತು.

“ಅಕಿಗಿ ಬಾಯಿ ಏಳವಲ್ದಂತ. ಅಕಿ ನಮ್ಮೆಲ್ಲರ ಸಂಬಂಧ ಒದರ್ಯಾಳ. ಇವತ್ತ ಅಕಿ ಸಂಬಂಧ ನಾವು ಒದರೂಣು” ಎಂದರು ಅತ್ತೆ.

“ನಮಗ ಅವರಂಗ ಮಾಡಾಕ ಬರತೈತೇನ್ರಿ ಅತ್ತಿ?” ಎಂದೆ.

“ದಿನಾ ಕೇಳಿಲ್ಲೇನ ನೀ?”

ಹಲೀಮಾಬಿ ಎರಡೂ ಅಂಗೈ ಬಿಚ್ಚಿ, ತುಟಿ ಅಲುಗಿಸುತ್ತ ತಮ್ಮ ದುವಾ ಶುರುಮಾಡಿದರು. ನಮ್ಮತ್ತೆ ಅಕ್ಕೋರ ಹಾಗೆಯೇ ಕಣ್ಣು ಬಿಗಿಯಾಗಿ ಮುಚ್ಚಿ, ಅಕ್ಕೋರನ್ನು ಮೀರಿಸುವ ದನಿ ತೆಗೆದರು.

“ಅಕ್ಕೋರ ದೇವರ! ನಾ ಬಾಜೂ ಮನಿ ಮುದುಕಿ. ನಿನ್ನ ಗುರ್ತು ನನಗಿಲ್ಲ. ನನ್ನ ಗುರ್ತು ನಿನಗ ಇರಬೇಕು, ದಿನಾ ಸಂಜೀಕ ನನ್ನ ಮಣಕಾಲ ಸುದ್ದಿ ಕೇಳಿ ಕೇಳಿ ನಿನಗೂ ಸಾಕಾಗಿರ್ತೈತಿ. ಮಣಕಾಲ ಹಂಗ ಇರ್ಲಿ, ಬಿಡು. ಅಕ್ಕೋರಿಗಿ ಬಾಯಿ ಕೊಡು. ಅಕಿನ್ನ ಕೈ ಬಿಡಬ್ಯಾಡ. ಅಕಿಗಿ ತಾಕತ್ತ ಕೊಡು. ಮತ್ತ...”

ಒಳಗಿನಿಂದ, ಬಹಳ ದಿನ ಬಳಸದೆ ತುಕ್ಕು ಹಿಡಿದ ದನಿಯೊಂದು ಬಂತು. “ಮದಲ ಸ್ತೋತ್ರ ಹೇಳ್ರಿ ಅವ್ವಾರ. ಹಂಗ ಒಮ್ಮಿಗಲೇ ಬೇಡಬಾರದು.”

ಅತ್ತೆ ಕಣ್ಣು ತೆರೆಯಲಿಲ್ಲ. “ಯಾತಕ್ಕ ಹೇಳ್ಲವಾ? ನನಗ ಗೊತ್ತಾಗವಲ್ದು. ಬಂದು ನೀನ ಹೇಳಿಕೊಡು” ಎಂದರು. ಅಕ್ಕೋರನ್ನು ಅವರು ಏಕವಚನದಲ್ಲಿ, ಮಗಳ ಹಾಗೆ ಮಾತಾಡಿಸಿದ್ದು ಅದೇ ಮೊದಲು.

ಬಾಗಿಲು ತೆರೆಯಿತು. ಅಕ್ಕೋರು ಹೊರಗೆ ಬಂದು ಹೊಸ್ತಿಲ ಮೇಲೆ ಕೂತರು. ಕೈಯಲ್ಲಿ ಸೆರಗು. ಬಾವಿಯ ರಾಟೆಯ ಮೇಲೆ ಕೂತಿದ್ದ ಗುಬ್ಬಿಗಳೂ ಹೋದವು. ಆಮೇಲೆ ಕಣ್ಣು ಮುಚ್ಚಿದರು.

“ಯಪ್ಪಾ ತಂದೆ. ನಿನ್ನ ಮ್ಯಾಲೆ ನನಗ ಸಿಟ್ಟ ಐತಿ. ಮದಲ ಅದನ್ನ ಹೇಳತೇನಿ, ಒಳಗೊಂದ ಇಟ್ಟು ಹೊರಗೊಂದ ಮಾತಾಡೂದು ನನಗ ಬರೂದಿಲ್ಲ. ನನ್ನ ಸರೂನ್ನ ಯಾಕ ಒಯ್ದಿ ಅಂತ ತಿಳಿದಿಲ್ಲ. ನೀ ಹೇಳಿದ್ರೂ ನನಗ ತಿಳಿಯೂದಿಲ್ಲ, ಬಿಡು.” ಮೂಗು ಒರೆಸಿಕೊಂಡರು. “ಆದ್ರ ಅಕಿನ್ನ ಕೊಟ್ಟಿದ್ದಿಯಲ್ಲ. ಅದಕ್ಕ ಸ್ತೋತ್ರ. ಎರಡ ಜಡಿ ಹಾಕ್ಕೊಂಡು ನನ್ನ ಹಿಂದ ಟ್ರಂಕ ಎಳಕೋತ ಬಂದ್ಲಲ್ಲ, ಅದಕ್ಕ ಸ್ತೋತ್ರ. ನಾ ಪ್ರಸಂಗಾ ಮಾಡುವಾಗ ತೂಕಡಿಸಿದ್ಲಲ್ಲ, ಸ್ತೋತ್ರ. ನನ್ನ ಸೆರಗಿಗಿ ಸುಳ್ಳ ಗಂಟ ಹಾಕಿ ನಕ್ಕಳಲ್ಲ ಯಪ್ಪಾ, ಆ ನಗೀಗಿ ಸ್ತೋತ್ರ.”

ನಮ್ಮತ್ತೆ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತರು. ಹಲೀಮಾಬಿ ಅತ್ತರು. ನಾನೂ ಅತ್ತೆ. ಅಕ್ಕೋರು ಅಳುತ್ತಲೇ ಇದ್ದರು, ಆದರೆ ದನಿ ಮೆಲ್ಲಮೆಲ್ಲನೆ ಏರತೊಡಗಿತು. ಗೋಡೆಯ ಆಚೆಗೂ ಈಚೆಗೂ ನಾವು ಬಲ್ಲ ಆ ಹಳೆಯ ದನಿ, ಹೆಬ್ಬಾಗಿಲು ದಾಟಿ ಓಣಿಗೆ ಹೋಗುವಂಥದು. ಬೆರಳು ಸೆರಗಿನ ತುದಿಗೆ ಹೋಯಿತು. ನೀರಲ್ಲಿ ನೆನೆದು ಒಣಗಿ ಬಿಗಿದಿದ್ದ ಗಂಟುಗಳನ್ನು ಉಗುರಿನಿಂದ ಒಂದೊಂದಾಗಿ ಸಡಿಲಿಸತೊಡಗಿದರು.

“ಇದು ಅವ್ವಾರ ಮಣಕಾಲು. ಹಳೇದು, ನಿನಗ ಗೊತ್ತ ಐತಿ. ಇದು ಹಲೀಮಾಬಿಂದು. ಅಂವ ಮತ್ತ ಎಲಿ ಹಿಡದಾನಂತ, ಬಿಡಸು. ಇದು ನಾಲ್ಕನೇ ಇಯತ್ತೇ ಹುಡುಗೀದು, ಅವರಪ್ಪ ಸಾಲಿ ಬಿಡಸ್ತೇನಿ ಅನ್ನಾಕತ್ತಾನ, ಅವನ ಮನಸ ತಿರಗಸು.” ಮುಂದಿನ ಗಂಟಿಗೆ ಬೆರಳು ಬಂದಾಗ ನನಗೆ ಥಟ್ಟನೆ ನೆನಪಾಯಿತು. ಬೇಡವೆಂದು ಕೈ ಮಾಡಿದೆ. ಕಣ್ಣು ಮುಚ್ಚಿದವರಿಗೆ ಕಾಣುವುದೆಲ್ಲಿಂದ? “ಇದು ಬಾಜೂ ಮನಿ ಸೊಸೀದು. ಮೂರನೇ ತಿಂಗಳ ನಡದೈತಿ, ಹೆದರಿ ಅತ್ತಿಗೂ ಹೇಳಿಲ್ಲ. ಎರಡ ಸಲ ಅಕಿ ಉಡಿ ಖಾಲಿ ಆಗೈತಿ ತಂದೆ. ಈ ಕೂಸಿನ್ನ ಗಟ್ಟಿ ಹಿಡಿ, ಅಕಿ ಕೈಯಾಗ ಕೊಡೂತನಕ ಬಿಡಬ್ಯಾಡ.”

ನಮ್ಮತ್ತೆಯ ಮುಖದ ಮೇಲಿನ ಸೆರಗು ಸರ್ರನೆ ಜಾರಿತು. ಒದ್ದೆಗಣ್ಣು ಅಗಲಿಸಿ ನನ್ನನ್ನೊಮ್ಮೆ, ಹೊಸ್ತಿಲನ್ನೊಮ್ಮೆ ನೋಡಿದರು. “ಏನಂದ್ರಿ ಅಕ್ಕೋರ? ಯಾರಿಗಿ? ಎಷ್ಟನೇ ತಿಂಗಳಂದ್ರಿ?”

ಅಕ್ಕೋರು ಕಣ್ಣು ತೆರೆಯಲಿಲ್ಲ. ಅವರ ಬೆರಳು ಆಗಲೇ ಮುಂದಿನ ಗಂಟಿನ ಮೇಲಿತ್ತು.

“ನಿಮಗ ಹೇಳಿದ್ದಲ್ರಿ ಅವ್ವಾರ, ದೇವರಿಗಿ ಹೇಳಾಕತ್ತೇನಿ. ಸುಮ್ನ ಕುಂದರ್ರಿ.”